ಎಡಗಡೆಯ ಗೋಪುರ

ದೇವರು ಮನುಷ್ಯನ ಮುಖವನ್ನು ಮುಂದಕ್ಕೆ ಇಟ್ಟು ಕಳಿಸಿದ್ದಾನೆ. ಬೆನ್ನ ಹಿಂದೆ ಏನಿದೆಯೆಂದು ತಿಳಿಯಬೇಕಾದರೆ ಒಂದೋ ತಿರುಗಿ ನೋಡಬೇಕು, ಇಲ್ಲವೇ ಕನ್ನಡಿ ಹಿಡಿಯಬೇಕು. ಯಾತ್ರಿಕನ ಅಂಗಡಿಯಲ್ಲಿ ಕನ್ನಡಿ ದೊಡ್ಡದಾಗಿತ್ತು. ಹಾಗಾಗಿ ತಿರುಗಿ ನೋಡುವ ಪ್ರಮೇಯ ಅವನಿಗೆ ಬಂದಿರಲಿಲ್ಲ.

ಯಾತ್ರಿಕ ಎಂಬುದು ಬೀದಿಯವರು ಇಟ್ಟ ಹೆಸರು. ಕಸುಬು ಕ್ಷೌರ. ಒಂದೇ ಕುರ್ಚಿಯ ಅಂಗಡಿ. ಕುರ್ಚಿಯ ಮುಂದೆ ಗೋಡೆಯಗಲದ ಕನ್ನಡಿ, ಹಿಂದೆ ಬಾಗಿಲು, ಬಾಗಿಲಿನ ನೆತ್ತಿಯ ಮೇಲೆ ಒಳಮುಖವಾಗಿ ಒಂದು ಚಿತ್ರ. ಮಹಾನಗರದ ಹಳೆಯ ಚರ್ಚಿನ ಚಿತ್ರ ಅದು. ಅವನ ಅಪ್ಪ ಯಾವುದೋ ಕಾಲದ ಕ್ಯಾಲೆಂಡರಿನಿಂದ ತಾರೀಕುಗಳನ್ನು ಕತ್ತರಿಸಿ ಬಿಸಾಡಿ, ಮಿಕ್ಕ ಭಾಗಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದ. ಒಳಗೆ ಬರುವವರಿಗೆ ಅದು ಬೆನ್ನ ಹಿಂದೆ ಉಳಿಯುತ್ತಿತ್ತು. ಹೊರಗೆ ಹೋಗುವವರು ಹೊಸ್ತಿಲು ಎತ್ತರವೆಂದು ಕಾಲು ನೋಡಿಕೊಂಡು ದಾಟುತ್ತಿದ್ದರು. ಯಾತ್ರಿಕ ವರ್ಷಕ್ಕೊಮ್ಮೆ ಸ್ಟೂಲು ಹತ್ತಿ ಅದರ ಧೂಳು ಹೊಡೆಯುತ್ತಿದ್ದನಾದರೂ, ಧೂಳು ಕಣ್ಣಿಗೆ ಬಿದ್ದೀತೆಂದು ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತಿದ್ದ. ಒಟ್ಟಿನಲ್ಲಿ ಆ ಬೀದಿ ಚರ್ಚನ್ನು ಕಂಡದ್ದು ಕ್ಷೌರದ ಕುರ್ಚಿಯಲ್ಲಿ ಕೂತು, ಕನ್ನಡಿಯೊಳಗೆ.

ಕಾಣಲು ಬಹಳ ಸೊಗಸಾಗಿತ್ತು. ಎಡಗಡೆ ಗಂಟೆ ಗೋಪುರ. ಬಲಗಡೆ ಒಂದು ಮುದಿ ಮರ. ಮೆಟ್ಟಿಲ ಮೇಲೆ ಹಾಲು ಚೆಲ್ಲಿದಂಥ ಬಿಸಿಲು. ಗೋಪುರದ ಗಡಿಯಾರಕ್ಕೆ ಅಂಕಿಗಳಿರಲಿಲ್ಲ, ಬರೀ ಮುಳ್ಳುಗಳು. ಮುಳ್ಳುಗಳ ಪ್ರಕಾರ ಹೊತ್ತು ಮಧ್ಯಾಹ್ನ ಎರಡೂ ಮುಕ್ಕಾಲು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವರು ಆ ಬಿಸಿಲನ್ನೇ ನೋಡುತ್ತ ನೋಡುತ್ತ ಕಣ್ಣೆವೆ ಭಾರವಾಗಿ, ಆ ಮೆಟ್ಟಿಲ ಮೇಲೆ ತಾವೇ ಕೂತಂತೆ, ಮರದ ಎಲೆ ಸದ್ದು ಕೇಳಿದಂತೆ ಎಲ್ಲೋ ಜಾರುತ್ತಿದ್ದರು. "ತಲೆ ತಿರುಗಿಸಬೇಡಿ" ಎಂದು ಯಾತ್ರಿಕ ಮೆತ್ತಗೆ ಎಚ್ಚರಿಸುತ್ತಿದ್ದ. ಕ್ಷೌರದ ಕುರ್ಚಿಯಲ್ಲಿ ತಿರುಗಿದವನು ಕಿವಿ ಕಳಕೊಂಡಾನು. ಇದು ಎಲ್ಲರೂ ಒಪ್ಪಿದ ಧರ್ಮ.

ಈಗ ಹೆಸರು ಬಂದ ಕಥೆ. ಹನ್ನೆರಡು ವರ್ಷದ ಹಿಂದೆ ಅವನ ಸೋದರತ್ತೆಯ ಕಣ್ಣಿಗೆ ಪೊರೆ ಬಂತು. ತಾಯಿಯಿಲ್ಲದ ಹುಡುಗನಿಗೆ ತುತ್ತಿಟ್ಟು ಬೆಳೆಸಿದವಳು ಆಕೆ. ಆಗ ದೂರದೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಆಪರೇಷನ್ನಿನ ಹಿಂದಿನ ದಿನ, ಪಕ್ಕದ ದರ್ಜಿಯ ಅಂಗಡಿಯ ಫೋನಿಗೆ ಮಾಡಿ ಅತ್ತಳು.

"ಮಗಾ, ಈ ಕತ್ತಲೆ ಹೀಗೇ ಉಳಿದುಬಿಟ್ರೆ?"

ಸಮಾಧಾನದ ಮಾತಿಗೆ ತಡಕಾಡಿದರೆ ಅವನ ನಾಲಿಗೆಗೆ ಸಿಕ್ಕಿದ್ದು ಚರ್ಚು. "ಹೆದರಬೇಡಿ ಅತ್ತೆ. ಹೋದ ಭಾನುವಾರ ನಗರದ ದೊಡ್ಡ ಚರ್ಚಿಗೆ ಹೋಗಿ ನಿಮ್ಮ ಕಣ್ಣಿಗೋಸ್ಕರ ಬೇಡ್ಕೊಂಡು ಬಂದಿದೀನಿ. ಒಳಗೆ ಹೋದ್ರೆ ಎಡಗಡೆ, ಮೂರನೇ ಬೆಂಚಲ್ಲಿ ಕೂತು."

ಮೂರನೇ ಬೆಂಚು ಎಲ್ಲಿಂದ ಬಂತೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಸುಳ್ಳಿಗೆ ಕೂರಲು ಒಂದು ಜಾಗ ಬೇಕಿತ್ತು, ಅಷ್ಟೆ.

ಅತ್ತೆಗೆ ಕಣ್ಣು ಬಂತು. ಆಕೆ ವೈದ್ಯರಿಗೆ ಒಂದು ನಮಸ್ಕಾರ ಹೇಳಿ, ಮೂರನೇ ಬೆಂಚಿಗೆ ನೂರು ಹೇಳಿದಳು. ಇತ್ತ ಫೋನಿನ ಪಕ್ಕ ಗುಂಡಿ ಹೊಲಿಯುತ್ತಿದ್ದ ದರ್ಜಿ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹೊಲಿದು ಹಂಚಿದ. ಮರುದಿನದಿಂದ ಕ್ಷೌರದವನು ಯಾತ್ರಿಕನಾದ. ಚರ್ಚು ಹೇಗಿದೆಯೆಂದು ಯಾರಾದರೂ ಕೇಳಿದರೆ ಕನ್ನಡಿ ನೋಡಿಕೊಂಡೇ ಹೇಳುತ್ತಿದ್ದ: ಎಡಗಡೆ ಗೋಪುರ, ಬಲಗಡೆ ಮರ, ಎರಡೂ ಮುಕ್ಕಾಲಿಗೆ ಬಿಸಿಲು. ಫೋನಿನಲ್ಲಿ ಅತ್ತೆಗೂ ಅದನ್ನೇ ಹೇಳಿ ಹೇಳಿ ಆಕೆಗೆ ಬಾಯಿಪಾಠವಾಯಿತು. ನಗರವೇನು ದೂರವಿರಲಿಲ್ಲ, ಬಸ್ಸಿಗೆ ಮೂರು ಗಂಟೆ. ಒಂದು ಸಲ ನಿಜವಾಗಿ ಹೋಗಿ ಬಂದುಬಿಡಬಹುದಿತ್ತು. ಆದರೆ ಹೋಗದ ಊರಿಗೆ ಹೋಗುವುದು ಸುಲಭ. ಹೋಗಿ ಬಂದೆನೆಂದು ಹೇಳಿದ ಊರಿಗೆ ಹೋಗುವುದು ಕಷ್ಟ. ದಾರಿ ಯಾರನ್ನು ಕೇಳುವುದು?

ಹೀಗಿರುವಾಗ ಒಂದು ದಿನ ಅತ್ತೆಯ ಫೋನು ಬಂತು.

"ಮಗಾ, ಮಗಳ ಮನೆಯಿಂದ ಮಗನ ಮನೆಗೆ ಹೊರಟಿದೀನಿ. ನಿಮ್ಮ ನಗರದಲ್ಲಿ ವಿಮಾನ ಬದಲಾಯಿಸ್ಬೇಕಂತೆ. ಬುಧವಾರ ಬೆಳಿಗ್ಗೆ ಏಳೂವರೆಗೆ ಇಳೀತೀನಿ, ಮುಂದಿನದು ಸಂಜೆ ಆರಕ್ಕೆ. ಮಧ್ಯೆ ನನ್ನನ್ನ ಆ ಚರ್ಚಿಗೆ ಕರ್ಕೊಂಡು ಹೋಗು. ಆ ಮೂರನೇ ಬೆಂಚಲ್ಲಿ ಕೂತು ದೇವರಿಗೆ ಒಂದು ಮಾತು ಹೇಳ್ಬೇಕು. ಎಂಬತ್ತಾಯ್ತು ನನಗೆ, ಈ ದಾರಿ ಮತ್ತೆ ಬರೋದಿಲ್ಲ."

ಯಾತ್ರಿಕ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

"ನಿಜ ಹೇಳಿಬಿಡಿ" ಎಂದಳು ಹೆಂಡತಿ.

"ಹೇಳಬಹುದು. ಹೇಳಿದ ಮೇಲೆ ಅವರ ಕಣ್ಣು ಮತ್ತೆ ಹೋದ್ರೆ?"

"ಕಣ್ಣಿಗೂ ನಿಮ್ಮ ಬಾಯಿಗೂ ಏನು ಸಂಬಂಧ?"

"ಹನ್ನೆರಡು ವರ್ಷದಿಂದ ಅವರು ಬೆಂಚಿನ ಮೇಲಿನ ನಂಬಿಕೆಯಿಂದ ನೋಡ್ತಿದಾರೆ, ಡಾಕ್ಟರ ಮೇಲಿನ ನಂಬಿಕೆಯಿಂದಲ್ಲ. ಬೆಂಚು ಎಳೆದ್ರೆ ಬೀಳೋದು ಯಾರು?"

ಹೆಂಡತಿ ಬುತ್ತಿ ಕಟ್ಟಲು ಎದ್ದಳು. ಮನೆಯಲ್ಲಿ ಹೊರಗೆ ಒಯ್ಯುವಂಥ ಚೀಲ ಒಂದೇ ಇತ್ತು, ಅಂಗಡಿಯದು. ಅದರಲ್ಲಿದ್ದ ಕತ್ತರಿ, ಕತ್ತಿಗಳನ್ನೆಲ್ಲ ತೆಗೆದಿಟ್ಟು ಬುತ್ತಿ ತುಂಬಿ ಕೊಟ್ಟಳು. ಗಿರಾಕಿಯ ಹಿಂದಲೆ ತೋರಿಸುವ ಕೈಗನ್ನಡಿ ಮಾತ್ರ ಪಕ್ಕದ ಜೇಬಿನಲ್ಲಿ ಹಾಗೆಯೇ ಉಳಿಯಿತು.

ಬುಧವಾರ ಕೋಳಿ ಕೂಗುವ ಹೊತ್ತಿನ ಬಸ್ಸು ಹಿಡಿದು ಯಾತ್ರಿಕ ವಿಮಾನ ನಿಲ್ದಾಣ ಮುಟ್ಟಿದ. ಗಾಜಿನ ಗೋಡೆಗಳ ಹಿಂದೆ ಜನ ಮೀನಿನಂತೆ ಸದ್ದಿಲ್ಲದೆ ತೇಲುತ್ತಿದ್ದರು. ಬಾಗಿಲುಗಳು ಯಾರೂ ಮುಟ್ಟದೆ ತೆರೆದು ಯಾರೂ ಮುಟ್ಟದೆ ಮುಚ್ಚುತ್ತಿದ್ದವು. ಸ್ವರ್ಗದ ಬಾಗಿಲೂ ಹೀಗೇ ಇರಬಹುದೇನೋ, ತಟ್ಟುವ ಕೆಲಸವಿಲ್ಲ, ಎದುರಿಗೆ ಹೋಗಿ ನಿಂತರೆ ಸಾಕು ಎಂದು ಅವನು ನೋಡುತ್ತ ನಿಂತಿರುವಾಗ, ಅದೇ ಬಾಗಿಲಿನಿಂದ ಸಣ್ಣ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಅತ್ತೆ ಬಂದಳು.

"ತಲೆ ನರೆತುಬಿಡ್ತಲ್ಲೋ ನಿಂದು" ಎಂದಳು. "ಎಷ್ಟು ಸ್ಪಷ್ಟವಾಗಿ ಕಾಣ್ತಿದೆ ನೋಡು. ಎಲ್ಲಾ ಆ ಬೆಂಚಿನ ಪುಣ್ಯ."

ಯಾತ್ರಿಕ ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಹೊರಬಾಗಿಲ ಕಡೆ ನಡೆದ.

ಹೊರಬಾಗಿಲ ಹತ್ತಿರ ಮಾಹಿತಿ ಹೇಳುವ ಕಟ್ಟೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. "ಹಳೇ ಚರ್ಚಿಗಾ? ಎದುರಿನ ನೀಲಿ ಬಸ್ಸು ಹತ್ತಿ. ಒಂಬತ್ತನೇ ನಿಲ್ದಾಣ. ಇಳಿದು ನೇರ ನಡೆದ್ರೆ..."

"ಹೇಳಬೇಡಮ್ಮ" ಎಂದು ಅತ್ತೆ ತಡೆದಳು. "ನಮ್ಮ ಹುಡುಗನಿಗೆ ಅಲ್ಲಿ ಕಣ್ಣು ಕಟ್ಟಿ ಬಿಟ್ರೂ ದಾರಿ ಗೊತ್ತು."

ಹುಡುಗನಿಗೆ ಐವತ್ತಮೂರು. ಅವನು ಗೊತ್ತಿದ್ದವನಂತೆ ತಲೆಯಾಡಿಸಿ, ನೀಲಿ ಬಸ್ಸು ಎಂಬುದನ್ನು ಮಾತ್ರ ಕಿವಿಯಲ್ಲಿ ಗಂಟು ಹಾಕಿಕೊಂಡ. ಬಸ್ಸಿನಲ್ಲಿ ಬೆರಳು ಮಡಚಿ ಮಡಚಿ ನಿಲ್ದಾಣ ಎಣಿಸಿದ. ನಗರ ಕಿಟಕಿಯಲ್ಲಿ ಎಳೆಬಿಸಿಲಿಗೆ ಮೈಯೊಡ್ಡಿ ನಿಧಾನ ಎಚ್ಚರಗೊಳ್ಳುತ್ತಿತ್ತು. ಯಾರೋ ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದರು, ಯಾರೋ ಮಹಡಿಯ ಮೇಲೆ ಹಾಸಿಗೆ ಕೊಡವುತ್ತಿದ್ದರು. ಒಂಬತ್ತನೇ ಬೆರಳು ಮಡಚಿದಾಗ ಇಳಿದರು. ನೇರ ನಡೆದರು. ಬೀದಿಯ ತುದಿ ತೆರೆದುಕೊಂಡಿತು.

ಚರ್ಚು ನಿಂತಿತ್ತು. ಮೆಟ್ಟಿಲ ಮೇಲೆ ಹಾಲು ಚೆಲ್ಲಿದಂಥ ಬಿಸಿಲು. ಮರದ ಎಲೆಗಳು ಸದ್ದು ಮಾಡುತ್ತಿದ್ದವು. ಗೋಪುರದ ಗಡಿಯಾರದಲ್ಲಿ ಒಂಬತ್ತೂಕಾಲು. ನಡೆಯುತ್ತಿದ್ದ ಯಾತ್ರಿಕ ಗಕ್ಕನೆ ನಿಂತ, ಎಲ್ಲೋ ನೋಡಿದ ಮುಖವನ್ನು ಜಾತ್ರೆಯಲ್ಲಿ ಕಂಡಂತೆ.

ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿದಳು. "ಮಗಾ, ಗೋಪುರ ಬಲಗಡೆ ಇದೆಯಲ್ಲ?"

ಇತ್ತು. ಮರ ಎಡಗಡೆ ಇತ್ತು.

"ನೀನು ಎಡಗಡೆ ಅಂದಿದ್ದೆ. ಹನ್ನೆರಡು ವರ್ಷದಿಂದ ಎಡಗಡೆ ಅಂದಿದೀಯ."

"ಹೌದು ಅತ್ತೆ, ಎಡಗಡೆಯೇ." ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ದಿನಾ ನೋಡಿದ ಗೋಪುರದ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. "ಇದು ಅದಲ್ಲ. ಹೆಸರುವಾಸಿ ಆದದ್ದಕ್ಕೆಲ್ಲ ಒಂದು ನಕಲು ಇರತ್ತೆ ನೋಡಿ. ಅದನ್ನ ನೋಡಿ ಯಾರೋ ಅವಸರದಲ್ಲಿ ಕಟ್ಟಿದಾರೆ, ಎಡಬಲ ತಪ್ಪಿದಾರೆ."

"ಪಾಪ" ಎಂದಳು ಅತ್ತೆ. "ನಕಲೇ ಇಷ್ಟು ಚೆನ್ನಾಗಿದ್ರೆ ಅಸಲು ಹೇಗಿರಬೇಡ."

ಮುನ್ನೂರು ವರ್ಷದ ಚರ್ಚು ಈ ಮಾತು ಕೇಳಿಸಿಕೊಂಡು ಸುಮ್ಮನೆ ನಿಂತಿತು. ತಾಳ್ಮೆಯಿಂದಲೇ ಅದು ಅಷ್ಟು ವರ್ಷ ಬಾಳಿದ್ದು.

ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಪೊಲೀಸಿನವನನ್ನು ಯಾತ್ರಿಕ ಪಕ್ಕಕ್ಕೆ ಕರೆದು, ಅಸಲಿ ಚರ್ಚು ಎಲ್ಲೆಂದು ಕೇಳಿದ. ಪೊಲೀಸಿನವನು ಅವನನ್ನೂ ಚರ್ಚನ್ನೂ ಮೂರು ಸಲ ನೋಡಿದ.

"ಎದುರಿಗಿದೆಯಲ್ಲ, ಅದೇನು?"

"ಅದರ ಗೋಪುರ ಬಲಗಡೆ ಇದೆ ಸ್ವಾಮಿ."

"ಎತ್ತಿ ಆ ಕಡೆ ಇಡ್ಲಾ? ನನ್ನ ಡ್ಯೂಟಿ ಗಾಡಿ ತಿರುಗಿಸೋದು, ಗೋಪುರ ತಿರುಗಿಸೋದಲ್ಲ."

ಇದನ್ನು ಕೇಳಿಸಿಕೊಂಡ ಟ್ಯಾಕ್ಸಿಯವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿದ. "ಎಡಗಡೆ ಗೋಪುರ, ಬಲಗಡೆ ಮರ, ಮುಂದೆ ಮೆಟ್ಟಿಲು. ಅಷ್ಟೇ ತಾನೇ? ಹತ್ತಿ. ನಗರದಲ್ಲಿ ನನಗೆ ಗೊತ್ತಿಲ್ಲದ ಗೋಪುರ ಇಲ್ಲ."

ಅವನು ಸುಳ್ಳುಗಾರನಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ತೋರಿಸುವ ಮನುಷ್ಯ. ಬೀದಿಯಿಂದ ಬೀದಿಗೆ ಸುತ್ತಿಸಿ, ನದಿಯ ಸೇತುವೆ ದಾಟಿಸಿ, ನಡುವೆ ಒಂದು ಉದ್ಯಾನದ ನೆರಳಿನಲ್ಲಿ ಬುತ್ತಿ ಬಿಚ್ಚಲು ಬಿಟ್ಟು, ತಾನೂ ಎರಡು ತುತ್ತು ತಿಂದು, ಮಧ್ಯಾಹ್ನ ಒಂದರ ಹೊತ್ತಿಗೆ ಹಳೆಯ ಕಲ್ಲಿನ ಕಟ್ಟಡದ ಮುಂದೆ ತಂದು ನಿಲ್ಲಿಸಿದ. ಎಡಗಡೆ ಗೋಪುರ, ಬಲಗಡೆ ಮರ, ಮುಂದೆ ಮೆಟ್ಟಿಲು. ಗಡಿಯಾರವಿರಬೇಕಾದ ಜಾಗದಲ್ಲಿ ಪಾರಿವಾಳಗಳಿದ್ದವು.

ಒಳಗೆ ಸಾಲು ಬೆಂಚು. ಬೆಂಚುಗಳಲ್ಲಿ ಜನ ತಲೆ ತಗ್ಗಿಸಿ, ಕೈಯಲ್ಲಿ ಕಾಗದ ಹಿಡಿದು, ತುಟಿ ಮಾತ್ರ ಅಲ್ಲಾಡಿಸುತ್ತ ಕೂತಿದ್ದರು. ಅಷ್ಟು ಶರಣಾಗತಿಯನ್ನು ಯಾತ್ರಿಕ ಎಲ್ಲೂ ಕಂಡಿರಲಿಲ್ಲ. ಅತ್ತೆ ಎಡಗಡೆಯ ಮೂರನೇ ಬೆಂಚಿನ ತುದಿಯಲ್ಲಿ ಕೂತು, ಸೆರಗು ತಲೆಗೆಳೆದು, ಕಣ್ಣು ಮುಚ್ಚಿದಳು. ಅವಳನ್ನು ಕಂಡು ಪಕ್ಕದವರೂ ಮಾತು ನಿಲ್ಲಿಸಿದರು. ಒಬ್ಬ ಎದ್ದು ಟೋಪಿ ತೆಗೆದ. ಎತ್ತರದ ಕಿಟಕಿಯಿಂದ ಧೂಳಿನ ಕಣಗಳು ಬಂಗಾರದಂತೆ ಇಳಿಯುತ್ತಿದ್ದವು. ಎಲ್ಲಿಂದಲೋ ಠಪ್, ಠಪ್ ಎಂದು ಮುದ್ರೆ ಬೀಳುವ ಸದ್ದು.

ಕನ್ನಡಕದ ಗುಮಾಸ್ತನೊಬ್ಬ ಈ ಮೌನಕ್ಕೆ ಗಾಬರಿಯಾಗಿ ಹೊರಬಂದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನ ಕಚೇರಿ ಇಷ್ಟು ಶಾಂತವಾಗಿದ್ದೇ ಇಲ್ಲ.

"ಅಮ್ಮಾ" ಎಂದ ಪಿಸುಮಾತಿನಲ್ಲಿ, "ಇಲ್ಲಿ ಜನನ, ವಿವಾಹ, ಮರಣ ಮೂರೂ ಆಗತ್ತೆ. ನಿಮಗೆ ಯಾವುದು?"

ಅತ್ತೆ ಕಣ್ಣು ತೆರೆದಳು. "ಮೊದಲೆರಡು ಆಗಿದೆಯಪ್ಪ. ಮೂರನೇದಕ್ಕೆ ಅವಸರ ಇಲ್ಲ."

"ಹಾಗಾದ್ರೆ ಅರ್ಜಿ ಯಾಕೆ ಕೊಡ್ತೀರಿ?"

"ಅರ್ಜಿ ಹನ್ನೆರಡು ವರ್ಷದ ಹಿಂದೆ ನಮ್ಮ ಹುಡುಗ ಕೊಟ್ಟಿದ್ದ. ಮಂಜೂರಾಯ್ತು. ಕೃತಜ್ಞತೆ ಹೇಳೋಕೆ ಬಂದೆ."

ಗುಮಾಸ್ತನ ಕಣ್ಣು ಕನ್ನಡಕದೊಳಗೆ ತೇವವಾಯಿತು. ನೋಂದಣಿ ಕಚೇರಿಗೆ ಕೃತಜ್ಞತೆ ಹೇಳಲು ಬಂದವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಎಲ್ಲ ತಿಳಿದ ಮೇಲೂ ಅವನಿಗೆ ಬೇಸರವಾಗಲಿಲ್ಲ; ತಾನೇ ಹೊರಗೆ ಬಂದು ಟ್ಯಾಕ್ಸಿಯವನಿಗೆ ದಾರಿ ಹೇಳಿದ. "ನಗರದಲ್ಲಿ ಹಳೇ ಚರ್ಚು ಅಂತ ಇರೋದು ಒಂದೇ. ಬೆಳಿಗ್ಗೆ ನೋಡಿದ್ರಲ್ಲ, ಅದೇ. ಅದಕ್ಕೆ ನಕಲು ಇಲ್ಲ, ನನ್ನ ಹತ್ರ ದಾಖಲೆ ಇದೆ."

ಮರಳುವ ದಾರಿಯಲ್ಲಿ ಅತ್ತೆ ಪ್ರತಿ ತಿರುವಿನಲ್ಲೂ ಎಡ ಯಾವುದು, ಬಲ ಯಾವುದು ಎಂದು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಚರ್ಚಿನೆದುರು ಮತ್ತೆ ಇಳಿದಾಗ ಎರಡೂ ಮುಕ್ಕಾಲು. ಮೆಟ್ಟಿಲ ಮೇಲೆ ಬಿಸಿಲಿರಲಿಲ್ಲ. ಅದು ಚರ್ಚಿನ ಹಿಂಬದಿಗೆ ಹೋಗಿತ್ತು. ಯಾತ್ರಿಕನ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಕಾಣದಿರಲೆಂದು ಚರ್ಚಿಗೆ ಬೆನ್ನು ಹಾಕಿ ನಿಂತ. ಧೂಳು ಬಿದ್ದಿದೆಯೆಂದು ನೆಪ ಹೇಳಿ, ಚೀಲದ ಪಕ್ಕದ ಜೇಬಿನಿಂದ ಕೈಗನ್ನಡಿ ತೆಗೆದು ಕಣ್ಣಿನೆದುರು ಹಿಡಿದ.

ಕನ್ನಡಿಯಲ್ಲಿ, ಅವನ ಭುಜದ ಹಿಂದೆ, ಎಡಗಡೆ ಗೋಪುರವಿತ್ತು. ಬಲಗಡೆ ಮರವಿತ್ತು.

ಅವನು ಕನ್ನಡಿ ಇಳಿಸಿ ತಿರುಗಿ ನೋಡಿದ. ಬಲಗಡೆ ಗೋಪುರ. ಮತ್ತೆ ಬೆನ್ನು ಹಾಕಿ ಕನ್ನಡಿ ಎತ್ತಿದ. ಎಡಗಡೆ ಗೋಪುರ. ಹೀಗೆ ಐದಾರು ಸಲ ತಿರುಗಿದವನನ್ನು ಕಂಡು ಪೊಲೀಸಿನವನು ಆ ಕಡೆಯ ಗಾಡಿಗಳನ್ನೆಲ್ಲ ನಿಲ್ಲಿಸಿದ. ಯಾತ್ರಿಕನಿಗೆ ಯಾವ ಸದ್ದೂ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ತಾನು ಬೆನ್ನು ತೋರಿಸಿ ನಿಂತದ್ದು ಇದಕ್ಕೇ, ಇದು ತನ್ನ ಭುಜದ ಮೇಲಿಂದ ತನ್ನನ್ನೇ ನೋಡುತ್ತ ಕಾದಿತ್ತು ಎಂದು ಅವನಿಗೆ ಅನಿಸಿತು.

"ಅತ್ತೆ, ಇದೇ" ಎಂದ. "ನಾನೇ ತಪ್ಪು ತಿಳ್ಕೊಂಡಿದ್ದೆ. ಇದೇ ಚರ್ಚು."

ಅಲ್ಲಿಂದಲೇ ಕೈಮುಗಿದು ಮರಳಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಅತ್ತೆಯ ಮುಖ ಅರಳಿತ್ತು. ಒಳಗೆ ಹೊಕ್ಕವಳೇ ಎಡಗಡೆಗೆ ತಿರುಗಿ ಎಣಿಸಿದಳು. ಒಂದು, ಎರಡು. ಮೂರನೆಯ ಬೆಂಚಿರಬೇಕಾದಲ್ಲಿ ನಾಲ್ಕು ಜನ ತಬ್ಬಿದರೂ ಸುತ್ತು ಸಾಲದಂಥ ಕಂಬವಿತ್ತು.

ಗಂಟೆ ಹೊಡೆಯುವ ಮುದುಕ ಪೊರಕೆ ಹಿಡಿದು ಅಲ್ಲೇ ಗುಡಿಸುತ್ತಿದ್ದ. "ಇಲ್ಲೊಂದು ಬೆಂಚಿತ್ತಲ್ಲಪ್ಪ?" ಎಂದಳು ಅತ್ತೆ.

"ಕಂಬ ತಾಯಿ. ಕಟ್ಟಿದ ದಿನದಿಂದ ಕಂಬವೇ."

"ಆಗ ಬೆಂಚಿದ್ದಿರಬೇಕು. ನಮ್ಮ ಹುಡುಗ ಇಲ್ಲೇ ಕೂತು ಬೇಡಿದ್ದು." ಎನ್ನುತ್ತ ಆಕೆ ಎಂಬತ್ತರ ಮಂಡಿಯನ್ನು ಕಷ್ಟಪಟ್ಟು ಮಡಚಿ, ತಣ್ಣನೆಯ ಕಂಬಕ್ಕೆ ಹಣೆ ಹಚ್ಚಲು ಬಾಗಿದಳು.

ಯಾತ್ರಿಕನಿಂದ ಅದನ್ನು ನೋಡಲಾಗಲಿಲ್ಲ. ಕಲ್ಲು ತಣ್ಣಗಿತ್ತು, ಅತ್ತೆಯ ಹಣೆ ಬೆಚ್ಚಗಿತ್ತು, ನಡುವೆ ಇದ್ದದ್ದು ತನ್ನ ಸುಳ್ಳು. ಅವಳ ತೋಳು ಹಿಡಿದುಕೊಂಡ.

"ಅತ್ತೆ, ಬೇಡ. ನಾನು ಇಲ್ಲಿಗೆ ಬಂದೇ ಇಲ್ಲ. ಇವತ್ತೇ ಮೊದಲು."

ಮುದುಕನ ಪೊರಕೆ ನಿಂತಿತು.

"ಹಾಗಾದ್ರೆ ನನ್ನ ಕಣ್ಣಿಗೆ ಯಾರೂ ಬೇಡಲಿಲ್ವಾ?" ಅತ್ತೆಯ ದನಿ ಮಗುವಿನ ದನಿಯಂತಿತ್ತು.

"ಬೇಡಿದೆ. ಅಂಗಡಿಯಲ್ಲಿ. ನಿಮ್ಮ ಆಪರೇಷನ್ನಿನ ದಿನ ಪೋಸ್ಟ್ ಮಾಸ್ತರರು ಕುರ್ಚಿಯಲ್ಲಿದ್ರು. ಕತ್ತಿ ಕೈಯಲ್ಲಿತ್ತು. ಕನ್ನಡಿಯಲ್ಲಿ ಈ ಚರ್ಚು ಕಾಣ್ತಿತ್ತು. ಹೇಳಿದ ಸುಳ್ಳು ಎದೆಗೆ ಚುಚ್ಚಿ, ಅಲ್ಲೇ ಕಣ್ಣು ಮುಚ್ಚಿ ಬೇಡ್ಕೊಂಡೆ, ಅತ್ತೆಗೆ ಕಣ್ಣು ಕೊಡಪ್ಪಾ ಅಂತ. ಕಣ್ಣು ಬಿಡೋ ಹೊತ್ತಿಗೆ ಮಾಸ್ತರರ ಅರ್ಧ ಮೀಸೆ ಹೋಗಿತ್ತು."

ಯಾತ್ರಿಕ ಅತ್ತೆಯ ಕಣ್ಣನ್ನೇ ನೋಡುತ್ತಿದ್ದ. ಬೆಳಕು ಆರೀತೇ ಎಂದು ಕಾಯುತ್ತಿದ್ದ. ಆರಲಿಲ್ಲ.

"ಉಳಿದರ್ಧ ಮೀಸೆ?" ಎಂದಳು.

"ಅದನ್ನೂ ತೆಗೆದೆ. ಹೊಸ ಫ್ಯಾಷನ್ನು ಅಂದೆ."

ಅತ್ತೆ ನಕ್ಕಳು. ಕಂಬ, ಕಮಾನು, ಎತ್ತರದ ಚಾವಣಿ, ಎಲ್ಲವೂ ಅವಳೊಂದಿಗೆ ನಕ್ಕವು. "ಮೀಸೆ ಕೊಟ್ಟು ತಂದ ಕಣ್ಣು ಅನ್ನು ಇದು. ಕೊಡೋ ಆ ಕನ್ನಡಿ."

ಕನ್ನಡಿ ಇಸಿದುಕೊಂಡು ಆಕೆ ಕಂಬಕ್ಕೆ ಒರಗಿ, ದೇವರ ಪೀಠಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಕನ್ನಡಿಯನ್ನು ಎತ್ತಿ, ಅದರೊಳಗೆ ಉರಿಯುತ್ತಿದ್ದ ಮೇಣದ ಬತ್ತಿಗಳನ್ನು ನೋಡಿದಳು. "ಹೀಗೆ ತಾನೇ ನೀನು ನೋಡಿದ್ದು? ಹಾಗಾದ್ರೆ ಹೀಗೇ ಹೇಳ್ತೀನಿ." ತುಟಿ ಅಲ್ಲಾಡತೊಡಗಿತು.

"ತಾಯಿ, ದೇವರಿಗೆ ಬೆನ್ನು ಹಾಕಿ ಕೂರಬಾರದು" ಎಂದ ಗಂಟೆಯ ಮುದುಕ.

"ಮುಖ ಅವನ ಕಡೆಗೇ ಇದೆ. ಬಗ್ಗಿ ನೋಡು."

ಮುದುಕ ಬಗ್ಗಿದ. ನಲವತ್ತು ವರ್ಷ ದಿನಾ ಗುಡಿಸಿದ ಜಾಗ ಅಂಗೈಯಗಲದಲ್ಲಿ ಹೊಸದಾಗಿ ಹೊಳೆಯುತ್ತಿತ್ತು. ಬತ್ತಿಗಳು ಆಳವಾದ ನೀರಿನೊಳಗೆ ಉರಿದಂತೆ ಕಾಣುತ್ತಿದ್ದವು. ಪೊರಕೆ ಕೈಯಲ್ಲೇ ಇತ್ತು, ಹೊತ್ತು ಕೈಯಲ್ಲಿರಲಿಲ್ಲ. ಆ ದಿನ ನಗರದಲ್ಲಿ ಮೂರು ಗಂಟೆಯಾದದ್ದು ಐದು ನಿಮಿಷ ತಡವಾಗಿ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅತ್ತೆ ಕನ್ನಡಿಯನ್ನು ವಾಪಸು ಕೊಡಲಿಲ್ಲ. "ಇದು ನನ್ನ ಹತ್ರ ಇರ್ಲಿ. ನೀನು ಮಾತ್ರ ಬೀದಿಯವರಿಗೆ ನಿಜ ಹೇಳು. ನನಗೆ ಹೇಳೋಕೆ ಹನ್ನೆರಡು ವರ್ಷ ಬೇಕಾಯ್ತು, ಅವರಿಗೆ ನಾಳೆಯೇ ಹೇಳು." ಮುಟ್ಟದ ಬಾಗಿಲು ತೆರೆಯಿತು. ಆಕೆ ತಿರುಗಿ ನೋಡಲಿಲ್ಲ. ಕನ್ನಡಿಯನ್ನು ಭುಜದ ಮೇಲಕ್ಕೆತ್ತಿ ಅದರಲ್ಲೇ ಅವನನ್ನು ನೋಡಿ ಕೈಬೀಸಿದಳು.

ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಪೋಸ್ಟ್ ಮಾಸ್ತರರು, ಬೆಂಚಿನಲ್ಲಿ ದರ್ಜಿ. ಯಾತ್ರಿಕ ನೊರೆ ಕಲಸುತ್ತ ನಿಜ ಹೇಳಿದ.

"ಹನ್ನೆರಡು ವರ್ಷದ ಹಿಂದೆ ನಾನು ಚರ್ಚಿಗೆ ಹೋಗಿರಲಿಲ್ಲ. ನಿನ್ನೆ ಹೋಗಿ ಬಂದೆ. ಗೋಪುರ ಇರೋದು ಬಲಗಡೆ."

ಮಾಸ್ತರರು ಕನ್ನಡಿಯೊಳಗೆ ಇಣುಕಿದರು. ದರ್ಜಿಯೂ ಕುತ್ತಿಗೆ ಚಾಚಿ ಕನ್ನಡಿಯನ್ನೇ ನೋಡಿದ. ಗೋಪುರ ಎಡಗಡೆ ಕಲ್ಲಿನಂತೆ ನಿಂತಿತ್ತು.

"ಬಲಗಡೆಯಾ?" ಎಂದ ದರ್ಜಿ. "ವಿಷಯ ಸ್ಪಷ್ಟ ಆಯ್ತು. ಆಗ ಹೋಗಿದ್ದೆ, ಸರಿಯಾಗಿ ಹೇಳಿದ್ದೆ. ನಿನ್ನೆ ಹೋಗಿಲ್ಲ."

"ಬಸ್ಸು ತಪ್ಪಿರಬೇಕು" ಎಂದರು ಮಾಸ್ತರರು ಅನುಕಂಪದಿಂದ. "ಅದಕ್ಕೆ ಇಷ್ಟೆಲ್ಲ ಕಥೆ ಯಾಕೋ ಯಾತ್ರಿಕ? ಒಂದು ಸಲ ಹೋಗಿ ಬಂದವನು ನೀನು."

"ಮಾಸ್ತರರೇ, ಒಂದೇ ಒಂದು ಸಲ ತಿರುಗಿ ಬಾಗಿಲ ಮೇಲೆ ನೋಡಿ. ಎಲ್ಲಾ ತಿಳಿಯತ್ತೆ."

ಮಾಸ್ತರರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡರು. "ಕತ್ತಿ ಹತ್ರಾನೇ ಇಟ್ಕೊಂಡು ತಿರುಗು ಅಂತೀಯಾ? ಒಂದು ಸಲ ಆಗಿದೆ ಫ್ಯಾಷನ್ನು, ಸಾಕು."

ದರ್ಜಿಯೂ ತಿರುಗಲಿಲ್ಲ. ಇಪ್ಪತ್ತೆಂಟು ವರ್ಷ ಬೀದಿಗೆಲ್ಲ ತಿರುಗಬೇಡಿ ಎಂದು ಕಲಿಸಿದವನು ಯಾತ್ರಿಕನೇ. ಪಾಠ ಚೆನ್ನಾಗಿ ಹತ್ತಿತ್ತು. ಯಾತ್ರಿಕ ನಿಟ್ಟುಸಿರಿಟ್ಟು ಮಾಸ್ತರರ ಗಲ್ಲಕ್ಕೆ ನೊರೆ ಹಚ್ಚಿದ. ಹೊರಗೆ ಒಂಬತ್ತೂಕಾಲು, ಬಾಗಿಲ ಮೇಲಿನ ಚಿತ್ರದಲ್ಲೂ ಅಷ್ಟೇ. ಕನ್ನಡಿಯೊಳಗೆ ಎರಡೂ ಮುಕ್ಕಾಲು. ಮೆಟ್ಟಿಲ ಮೇಲಿನ ಬಿಸಿಲು ಮಾತ್ರ ಎರಡೂ ಕಡೆ ಒಂದೇ ಆಗಿತ್ತು, ಮಾಸ್ತರರು ಅದನ್ನು ನೋಡುತ್ತ ಆಗಲೇ ಕಣ್ಣು ಮುಚ್ಚುತ್ತಿದ್ದರು.

ಯಾತ್ರಿಕನೆಂಬ ಹೆಸರು ಹಾಗೇ ಉಳಿಯಿತು. ಈಗ ಅದು ನಿಜವಾದ ಹೆಸರು, ತಾರೀಕು ಮಾತ್ರ ತಪ್ಪು. ತಾರೀಕುಗಳನ್ನು ಅವನ ಅಪ್ಪ ಎಂದೋ ಕತ್ತರಿಸಿ ಬಿಸಾಡಿದ್ದನಲ್ಲ.